ಎತ್ತರದ ಹೆಣ್ಣುಮಕ್ಕಳೂ ವೈದ್ಯರ ಅಳತೆಗೋಲೂ

ಸದುದ್ದೇಶದಿಂದ ಆರಂಭವಾಗಿ ಅನರ್ಥದಲ್ಲಿ ಪರಿಣಮಿಸಿದ ವೈದ್ಯಪದ್ಧತಿಗಳನ್ನು ವಿಚಾರಿಸುವಾಗ, ನಿರೋಗಿಗಳಾದ ನೀಳಕಾಯದ ಬಾಲಕಿಯರ ಬೆಳವಣಿಗೆಯನ್ನು ಈಸ್ಟ್ರೊಜೆನ್ ಔಷಧಿಯಿಂದ ತಡೆಯುತ್ತಿದ್ದ ಕ್ರಮವನ್ನು ಮರೆಯಲಾಗದು. 1956ರಲ್ಲಿ ಅಮೆರಿಕದ ಗೋಲ್ಡ್‌ಝೀಹರ್ ಪ್ರಕಟಿಸಿದ ಈ ಚಿಕಿತ್ಸೆಯನ್ನು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಮಕ್ಕಳ ವೈದ್ಯ ನಾರ್ಮನ್ ವೆಟನ್‌ಹಾಲ್ ಅವರು ದೀರ್ಘಕಾಲ ನಡೆಸಿ, ಹದಿನೈದು ವರ್ಷಗಳ ಅನುಭವವನ್ನು 1975ರಲ್ಲಿ ವರದಿಮಾಡಿದರು. ಕೈಯ ಕ್ಷಕಿರಣ ಚಿತ್ರದಿಂದ ಮೂಳೆಯ ವಯಸ್ಸನ್ನು ನಿರ್ಣಯಿಸಿ, ಹುಡುಗಿ ಮುಂದೆ ಎಷ್ಟು ಎತ್ತರವಾಗುವಳೆಂದು ಗಣಿಸುವುದರಲ್ಲಿ ಅವರು ತೋರಿದ ಶ್ರದ್ಧೆ ಪ್ರಶಂಸಾರ್ಹವೇ ಸರಿ. ಆದರೆ ಆ ಗಣಿತವು 'ಎಷ್ಟು' ಎಂಬುದಕ್ಕೆ ಉತ್ತರವಾಗಿತ್ತೇ ಹೊರತು 'ಏತಕ್ಕೆ' ಎಂಬುದಕ್ಕಲ್ಲ. ಮದುವೆ, ಉಡುಪು, ನೆರೆಹೊರೆಯವರ ನೋಟ ಇವುಗಳ ಚಿಂತೆಯೇ ರೋಗಲಕ್ಷಣದ ಸ್ಥಾನವನ್ನು ಆಕ್ರಮಿಸಿತು. ಆರಂಭದಲ್ಲಿ ಅಲ್ಲಿ ಬಳಸಿದ ಸ್ಟಿಲ್ಬೆಸ್ಟ್ರಾಲಾದರೋ, ಗರ್ಭಿಣಿಯರು ಸೇವಿಸಿದಲ್ಲಿ ಅವರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರಿಗೆ ಕಾರಣವಾಗುವುದೆಂದು 1971ರಲ್ಲಿ ತಿಳಿದುಬಂದ ಔಷಧಿ. ಅಷ್ಟೇ ಎತ್ತರದ ಭವಿಷ್ಯವಾಣಿಯನ್ನು ಕೇಳಿಯೂ ಔಷಧಿ ಪಡೆಯದೆ ಉಳಿದವರೊಡನೆ ಔಷಧಿ ಪಡೆದವರನ್ನು ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಗಿ, ಪಡೆದವರಿಗೆ ಮುಂದೆ ಗರ್ಭಧಾರಣೆ ಕಷ್ಟತರವಾಗಿತ್ತೆಂಬುದನ್ನು ಹೊರಗೆಡಹಿತು. ಕೆಲವು ಅಂಗುಲಗಳಿಗಾಗಿ ತೆತ್ತ ಬೆಲೆ ಅದು! ಅದನ್ನು ತೆತ್ತವರಾದರೂ ಸಮ್ಮತಿಯನ್ನು ತೂಗಿ ಕೊಡುವ ವಯಸ್ಸನ್ನು ಇನ್ನೂ ಮುಟ್ಟದಿದ್ದ ಬಾಲಕಿಯರು.

ಎತ್ತರವನ್ನೇ ವ್ಯಾಧಿಯೆಂದು ಬಗೆದ ಆ ದೃಷ್ಟಿದೋಷವೇ ನಿಜವಾದ ವ್ಯಾಧಿಯನ್ನು ಕಾಣದೆ ಹೋಗುವುದಕ್ಕೂ ಕಾರಣವಾಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಹುಟ್ಟಿ ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಸ್ರವಿಸುವ ಹುಡುಗಿಯನ್ನು 'ತಂದೆಯ ಕಡೆಯ ಮೈಕಟ್ಟು' ಎಂದು ಸಮಾಧಾನಪಡಿಸಿ ಕಳುಹಿಸುವುದು ಸುಲಭ. ಏಕೆಂದರೆ ಒಂದು ದಿನದ ಅಳತೆಯಲ್ಲಿ ಅವಳಿಗೂ ಕುಲಕ್ರಮದಿಂದ ಎತ್ತರವಾದವಳಿಗೂ ಭೇದವೇ ತೋರದಿರಬಹುದು. ಭೇದವಿರುವುದು ವೇಗದಲ್ಲಿ. ತಂದೆತಾಯಿಯರ ಎತ್ತರವನ್ನು ಕೂಡಿಸಿ, ಹದಿಮೂರು ಸೆಂಟಿಮೀಟರ್ ಕಳೆದು, ಅರ್ಧಮಾಡಿದರೆ ಮಗಳ ಎತ್ತರದ ಸ್ಥೂಲವಾದ ಅಂದಾಜು ದೊರಕುತ್ತದೆ. ಅದನ್ನು ದಾಟಿ, ಆರು ತಿಂಗಳಿಗೊಮ್ಮೆ ಗುರುತಿಸಿದ ಅಳತೆಗಳ ರೇಖೆ ಮೇಲುಮೇಲಕ್ಕೆ ಏರುತ್ತಿದ್ದರೆ ಆಗ ಶಂಕಿಸತಕ್ಕದ್ದು. ತಲೆನೋವು, ಪಕ್ಕದ ನೋಟ ಮಸುಕಾಗುವುದು, ಪಾದರಕ್ಷೆಯ ಅಳತೆ ಬೇಗಬೇಗ ಬದಲಾಗುವುದು ಇವೆಲ್ಲ ಆ ಶಂಕೆಯನ್ನು ಬಲಪಡಿಸುತ್ತವೆ. ಹುಡುಗಿಯರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು: ಗಡ್ಡೆಯು ಋತುಪ್ರಾಪ್ತಿಗೆ ಪ್ರೇರಕವಾದ ಹಾರ್ಮೋನುಗಳನ್ನು ಕುಂಠಿಸಿದರೆ ಈಸ್ಟ್ರೊಜೆನ್ ಸಾಕಷ್ಟು ಹುಟ್ಟದೆ, ಮೂಳೆಯ ತುದಿಯ ಬೆಳವಣಿಗೆಯ ಪದರ ಮುಚ್ಚದೆ, ಬೆಳೆಯುವ ಕಾಲವೇ ದೀರ್ಘವಾಗುತ್ತದೆ. ಎತ್ತರದ ಹುಡುಗಿ ಇನ್ನೂ ಮೈನೆರೆದಿಲ್ಲವೆಂಬ ಮಾತನ್ನು ತಾಯಿ ಸಂಕೋಚದಿಂದ ಹೇಳಿದಾಗ ವೈದ್ಯರು ಅದನ್ನು ಆದರದಿಂದ ಕೇಳಿಕೊಳ್ಳಬೇಕು.

ಪ್ರಯೋಗಾಲಯದ ಕಾಗದವನ್ನು ಕಣ್ಣುಮುಚ್ಚಿ ನಂಬುವವರಿಗೂ ಎಚ್ಚರಿಕೆ ಅಗತ್ಯ. ಬೆಳವಣಿಗೆಯ ಹಾರ್ಮೋನಿನ ಪ್ರೇರಣೆಯಿಂದ ಹುಟ್ಟುವ ಐಜಿಎಫ್-1 ಎಂಬ ದ್ರವ್ಯ ಯೌವನಾರಂಭದಲ್ಲಿ ಸಹಜವಾಗಿಯೇ ಏರುವುದರಿಂದ, ವಯಸ್ಕರ ಮಾನದಂಡದಿಂದ ಅಳೆದರೆ ಆರೋಗ್ಯವಂತಳೂ ರೋಗಿಯೆನಿಸುವಳು. ಗ್ಲೂಕೋಸ್ ಕುಡಿಸಿದ ಮೇಲೆ ಬೆಳವಣಿಗೆಯ ಹಾರ್ಮೋನು ಇಳಿಯಬೇಕೆಂಬ ಪರೀಕ್ಷೆಯೂ ಅಷ್ಟೆ. ಎತ್ತರವಾಗಿದ್ದು ನಿರೋಗಿಗಳಾದ ಹದಿಹರೆಯದವರಲ್ಲಿ ಕೆಲವರಿಗೆ ಅದು ಪೂರ್ಣವಾಗಿ ಇಳಿಯುವುದಿಲ್ಲ. ಆದುದರಿಂದ ವಯಸ್ಸಿನೊಡನೆ ಯೌವನದ ಹಂತವನ್ನೂ ನಮೂದಿಸದ ವರದಿಯನ್ನು ನಾನು ಅಪೂರ್ಣವೆಂದೇ ಎಣಿಸುತ್ತೇನೆ. ಸ್ರಾವ ನಿಜವಾಗಿಯೂ ಅಧಿಕವೆಂದು ಸಿದ್ಧವಾದ ಬಳಿಕವೇ ಎಂ.ಆರ್.ಐ. ಚಿತ್ರಕ್ಕೆ ಅರ್ಥ.

ಇನ್ನು, ಬೆಳವಣಿಗೆಯ ಹಾರ್ಮೋನಿನ ಈ ಅತಿಸ್ರಾವಕ್ಕೆ ಶೈಶವದಲ್ಲೇ ಮೊದಲಾಗುವ ಅಪೂರ್ವ ರೂಪವೊಂದಿದೆ. ಎಕ್ಸ್ ವರ್ಣತಂತುವಿನ ತುಣುಕೊಂದು ಇಮ್ಮಡಿಗೊಳ್ಳುವುದರಿಂದ ಉಂಟಾಗುವ ಇದನ್ನು 2014ರಲ್ಲಿ ಗುರುತಿಸಲಾಯಿತು. ಇದಕ್ಕೆ ತುತ್ತಾಗುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 'ದೊಡ್ಡವಳಾದ ಮೇಲೆ ನೋಡೋಣ' ಎನ್ನುವುದು ಇಲ್ಲಿ ಅಕ್ಷಮ್ಯ. ಚುಚ್ಚುಮದ್ದಿಗೆ ಬಂದ ಕೂಸಿನ ತೂಕದೊಡನೆ ಉದ್ದವನ್ನೂ ಪ್ರತಿ ಸಲ ಅಳೆದು ಬರೆದಿಟ್ಟರೆ, ಮೊದಲೆರಡು ವರ್ಷಗಳೊಳಗೇ ಆ ಏರುರೇಖೆ ಕಾಣಿಸಿಕೊಳ್ಳಬಲ್ಲುದು.