ನೆತ್ತರು ಕುಡಿಯುವವರ ಹುಟ್ಟು: ರನ್ನನ ‘ಗದಾಯುದ್ಧ’ವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ನೆತ್ತರು ಕುಡಿಯುವ ಪಿಶಾಚಿ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಪ್ರತಿಯೊಂದು ಕಥನ ಪರಂಪರೆಯೂ ತನ್ನದೇ ಆದ ಉತ್ತರವನ್ನು ಕೊಟ್ಟುಕೊಂಡಿದೆ. ಆ ಉತ್ತರದೊಳಗೆ ಕ್ರೌರ್ಯದ ಹೊಣೆ ಯಾರದು ಎಂಬ ತೀರ್ಮಾನವೂ ಅಡಗಿರುತ್ತದೆ. ಈ ದೃಷ್ಟಿಯಿಂದ ರನ್ನನ ‘ಗದಾಯುದ್ಧ’ದ ಎರಡು ಸಂದರ್ಭಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೋಲಿಕೆಗಾಗಿ ಇಂದಿನ ಒಂದು ಜನಪ್ರಿಯ ಕಥಾಲೋಕವನ್ನು ನೋಡಬಹುದು. ‘ದಿ ಎಲ್ಡರ್ ಸ್ಕ್ರೋಲ್ಸ್’ ಎಂಬ ವಿಡಿಯೋ ಗೇಮ್ ಮಾಲಿಕೆಯಲ್ಲಿ ಮೊಲಾಗ್ ಬಾಲ್ ಎಂಬ ದುಷ್ಟಶಕ್ತಿಯ ಅತ್ಯಾಚಾರಕ್ಕೆ ಬಲಿಯಾದ ಲಾಮೇ ಎಂಬ ಕನ್ಯೆ ಸತ್ತು, ಚಿತೆಯಿಂದೆದ್ದು, ತನ್ನನ್ನು ಆರೈಕೆ ಮಾಡಿದವರನ್ನೇ ಕೊಲ್ಲುತ್ತಾಳೆ. ರಕ್ತಪಿಶಾಚಿಗಳ ಕುಲ ಅವಳಿಂದ ಮೊದಲಾಗುತ್ತದೆ. ಮುಂದೆ ಅದು ರೋಗವಾಗಿ ಹರಡುತ್ತದೆ. 2011ರ ‘ಸ್ಕೈರಿಮ್’ನಲ್ಲಿ ಸೋಂಕು ತಗುಲಿದವನು ಮೂರು ದಿನಗಳೊಳಗೆ ಗುಣಪಡಿಸಿಕೊಳ್ಳದಿದ್ದರೆ ತಾನೂ ಪಿಶಾಚಿಯಾಗುತ್ತಾನೆ. ಇಲ್ಲಿ ಕೇಡು ಹೊರಗಿನಿಂದ ಬಂದು ಮೈಯನ್ನು ಹೊಗುವಂಥದು.

ಕೇಡನ್ನು ಹೊರಗಿಡುವ ಈ ಪ್ರವೃತ್ತಿ ನಮ್ಮ ಪರಂಪರೆಗೂ ಅಪರಿಚಿತವಲ್ಲ. ದುಶ್ಶಾಸನನ ನೆತ್ತರನ್ನು ಭೀಮನು ಕುಡಿದ ಪ್ರಸಂಗವೇ ಇದಕ್ಕೆ ಸಾಕ್ಷಿ. ವ್ಯಾಸಭಾರತದ ಸ್ತ್ರೀಪರ್ವದಲ್ಲಿ ಭೀಮನು ಗಾಂಧಾರಿಯೆದುರು, ಆ ನೆತ್ತರು ತನ್ನ ಹಲ್ಲುತುಟಿಗಳನ್ನು ದಾಟಲಿಲ್ಲವೆಂದು ಸಮಜಾಯಿಷಿ ನೀಡುತ್ತಾನೆ. ಭಟ್ಟನಾರಾಯಣನ ‘ವೇಣೀಸಂಹಾರ’ದಲ್ಲಿ ಹಿಡಿಂಬೆಯ ಆಜ್ಞೆಯಂತೆ ರುಧಿರಪ್ರಿಯನೆಂಬ ರಾಕ್ಷಸನು ಭೀಮನ ಮೈಯನ್ನು ಹೊಗುತ್ತಾನೆ, ಕುಡಿದವನು ರಾಕ್ಷಸನೇ ಹೊರತು ಭೀಮನಲ್ಲ ಎಂದಾಗುತ್ತದೆ. ಒಂದೆಡೆ ಕೃತ್ಯದ ನಿರಾಕರಣೆ, ಇನ್ನೊಂದೆಡೆ ಕರ್ತೃವಿನ ಬದಲಾವಣೆ. ಆಟದ ಲೋಕದ ಸೋಂಕೂ ‘ವೇಣೀಸಂಹಾರ’ದ ಆವೇಶವೂ ಈ ಅಂಶದಲ್ಲಿ ಸಮೀಪವರ್ತಿಗಳು.

‘ವೇಣೀಸಂಹಾರ’ದ ಪ್ರಭಾವ ರನ್ನನ ಮೇಲಾಗಿರುವುದು ವಿದ್ವಾಂಸರು ಒಪ್ಪಿರುವ ಸಂಗತಿ. ಆದರೆ ಈ ಕವಿಯ ಶಕ್ತಿ ಪ್ರಕಟವಾಗುವುದು ನೆತ್ತರು ಚೆಲ್ಲಿದ ಬಳಿಕದ ರಣಭೂಮಿಯಲ್ಲಿ. ಸಂಜಯನೊಡನೆ ಅಲ್ಲಿ ನಡೆಯುವ ದುರ್ಯೋಧನನು ದುಶ್ಶಾಸನನ ಕಳೇಬರದ ಮುಂದೆ ನಿಂತು ನೆನೆಯುವುದು ತಾಯ ಮೊಲೆಹಾಲನ್ನು. ಮೊದಲು ತಾನು, ಬಳಿಕ ತಮ್ಮ ಎಂಬ ಕ್ರಮ ಬಾಲ್ಯದಿಂದ ಎಂದೂ ತಪ್ಪಿರಲಿಲ್ಲ. ಸಾವಿನಲ್ಲಿ ಮಾತ್ರ ತಮ್ಮ ಮುಂದಾದನು. ಹಗೆಯು ನೆತ್ತರನ್ನು ಕುಡಿದ ಮೈಯನ್ನು ಕವಿ ಹಾಲು ಕುಡಿದ ಮೈಯಾಗಿ ನಮ್ಮೆದುರು ಇರಿಸುತ್ತಾನೆ. ಭೀಮನ ಕೃತ್ಯದ ಘೋರತೆಯನ್ನು ಅಳೆಯಲು ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲ.

ಅದೇ ರಣಭೂಮಿಯಲ್ಲಿ ಮರುಳುಗಳೂ ಇವೆ. ಹಳಗನ್ನಡದಲ್ಲಿ ‘ಮರುಳ್’ ಎಂದರೆ ಪಿಶಾಚಿಯೂ ಹೌದು, ಬುದ್ಧಿಭ್ರಮೆಯೂ ಹೌದು. ರನ್ನನ ಮರುಳು ಕುರುರಾಜನನ್ನು ತಡೆದು ಹಂಗಿಸುತ್ತದೆ. ಅದು ಅವನ ಮೈಯನ್ನು ಹೊಗುವುದಿಲ್ಲ, ಅವನನ್ನು ತನ್ನಂತೆ ಮಾಡುವುದೂ ಇಲ್ಲ. ಆ ಅಗತ್ಯವೇ ಅದಕ್ಕಿಲ್ಲ. ಯುದ್ಧವೆಂಬ ಮರುಳುತನ ಮನುಷ್ಯನಲ್ಲಿ ಮೊದಲೇ ಹುಟ್ಟಿದೆ; ಹೆಣದುಣಿಸಿಗೆ ನೆರೆದ ಮರುಳು ಅದರ ಫಲ ಮಾತ್ರ. ಆಟದ ಪಿಶಾಚಿ ಮನುಷ್ಯನನ್ನು ಕೆಡಿಸಿದರೆ, ಕನ್ನಡ ಕಾವ್ಯದಲ್ಲಿ ಕೆಟ್ಟ ಮನುಷ್ಯನೇ ಪಿಶಾಚಿಗೆ ಔತಣವಿಕ್ಕುತ್ತಾನೆ. ಪರಿಹಾರವೂ ಆದ್ದರಿಂದ ಬೇರೆ: ಸೋಂಕಿಗೆ ಮದ್ದುಂಟು, ಛಲಕ್ಕೆ ವಿವೇಕವೊಂದೇ ಮದ್ದು. ದುರ್ಯೋಧನ ಅದನ್ನು ಸ್ವೀಕರಿಸಲಾರ. ಅವನ ದುರಂತದ ಘನತೆ ಇರುವುದೂ ಅಲ್ಲಿಯೇ.

ರನ್ನನ ಊರಾದ ಮುಧೋಳವು 1997ರವರೆಗೆ ವಿಜಾಪುರ ಜಿಲ್ಲೆಗೇ ಸೇರಿತ್ತು. ತಿಕೋಟಾ, ಬಬಲೇಶ್ವರಗಳ ಓದುಗನಿಗೆ ಆತ ನೆರೆಸೀಮೆಯ ಕವಿ. ಈ ಭಾಗದ ಇಂದಿನ ತರುಣರು ಪರದೆಯ ಮೇಲಿನ ರಕ್ತಪಿಶಾಚಿಗಳನ್ನು ಬಲ್ಲರು. ಅಲ್ಲಿಂದಲೇ ಅವರನ್ನು ರನ್ನನ ಮರುಳುಗಳ ಬಳಿಗೆ ಕರೆತರುವುದು ಸಾಧ್ಯ. ಹಾಗೆ ಬಂದವರಿಗೆ, ಹೊಣೆಯನ್ನು ಪಿಶಾಚಿಯ ಮೇಲೆ ಹೊರಿಸದ ಒಂದು ಕಾವ್ಯ ಸಾವಿರ ವರ್ಷಗಳ ಹಿಂದೆಯೇ ತಮ್ಮ ನುಡಿಯಲ್ಲಿ ರಚಿತವಾಗಿದೆ ಎಂಬುದು ಮನವರಿಕೆಯಾದೀತು.