ಯುನೈಟಸ್ ಆಟ ನೋಡುವ ಬಗೆ

ಅಮೆರಿಕನ್ ಫುಟ್‌ಬಾಲನ್ನು ಮೊದಲ ಸಲ ನೋಡಿದವರ ಕಣ್ಣಿಗೆ ಬೀಳುವುದು ಬರೀ ಡಿಕ್ಕಿ. ಒಬ್ಬರ ಮೇಲೊಬ್ಬರು ರಾಶಿ ಬೀಳುತ್ತಾರೆ, ಏಳುತ್ತಾರೆ, ಮತ್ತೆ ಸಾಲು ಕಟ್ಟುತ್ತಾರೆ. ಅದರ ಸೊಗಸು ಸಿಗಬೇಕಾದರೆ ಒಬ್ಬನ ಬೆನ್ನು ಹತ್ತಿ. ನನ್ನ ಆಯ್ಕೆ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಜಾನಿ ಯುನೈಟಸ್.

ನಿಯಮ ಇಷ್ಟು ಗೊತ್ತಿದ್ದರೆ ಸಾಕು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲ ಮುಟ್ಟಿದರೆ ಗಡಿಯಾರ ನಿಲ್ಲುತ್ತದೆ. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಈಗ ಅವನ ಹೆಲ್ಮೆಟ್‌ನೊಳಗೆ ಕೋಚ್‌ನ ದನಿ ಕೇಳಿಸುತ್ತದೆ. ಯುನೈಟಸ್ ಮಾತ್ರ ಮುಂದಿನ ಆಟ ಯಾವುದೆಂದು ಬಹುಪಾಲು ತಾನೇ ತೀರ್ಮಾನಿಸುತ್ತಿದ್ದ.

ಹುಟ್ಟಿದ್ದು 1933ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಐದರ ವಯಸ್ಸಿಗೆ ತಂದೆ ತೀರಿಕೊಂಡರು. ತಾಯಿ ದುಡಿದು ಸಾಕಿದರು. 1955ರಲ್ಲಿ ಊರಿನದೇ ತಂಡವಾದ ಸ್ಟೀಲರ್ಸ್ ಆರಿಸಿಕೊಂಡು, ಒಂದು ಪಂದ್ಯವನ್ನೂ ಆಡಿಸದೆ ಕೈಬಿಟ್ಟಿತು. ಆತ ಕಟ್ಟಡದ ಕೆಲಸಕ್ಕೆ ಹೋದ. ಜೊತೆಗೆ ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಎಂಬ ಸಣ್ಣ ತಂಡಕ್ಕೆ ಪಂದ್ಯಕ್ಕೆ 6 ಡಾಲರ್‌ನಂತೆ ಆಡಿದ. ಮರುವರ್ಷ ಕೋಲ್ಟ್ಸ್ ಕರೆಯಿತು.

ಇನ್ನು 1958ರ ಡಿಸೆಂಬರ್ 28ಕ್ಕೆ ಬನ್ನಿ. ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ, ಚಾಂಪಿಯನ್‌ಶಿಪ್ ಪಂದ್ಯ. ಜೈಂಟ್ಸ್ 17–14ರಿಂದ ಮುಂದಿದೆ, ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ, ಕೋಲ್ಟ್ಸ್ ಸಾಗಬೇಕಾದ ದೂರ 86 ಗಜ. ಮೊದಲೆರಡು ಎಸೆತ ವ್ಯರ್ಥ. ಆಮೇಲೆ ಚೆಂಡು ಹಿಡಿಯುವ ಜೊತೆಗಾರ ರೇಮಂಡ್ ಬೆರಿಗೆ ಬೆನ್ನುಬೆನ್ನಿಗೆ ಮೂರು ಎಸೆತ: 25, 15, 22 ಗಜ. ಆ ಎಸೆತಗಳ ಫಿಲ್ಮ್ ತುಣುಕು ಸಿಕ್ಕಿದರೆ ಒಮ್ಮೆ ಚೆಂಡನ್ನು ನೋಡಿ, ಇನ್ನೊಮ್ಮೆ ಬೆರಿಯನ್ನು. ಇವರಿಬ್ಬರ ಎಸೆತದಲ್ಲಿ ಬೆರಿ ತಿರುಗುವ ಮೊದಲೇ ಚೆಂಡು ಕೈ ಬಿಟ್ಟಿರುತ್ತದೆ. ಅದು ಹೋಗುವುದು ಖಾಲಿ ಜಾಗಕ್ಕೆ. ಗಾಯಕ ಎಲ್ಲೆಲ್ಲೋ ಸುತ್ತಿ ಸಮಕ್ಕೆ ಬಂದು ಸೇರುತ್ತಾನಲ್ಲ, ಹಾಗೆ ಬೆರಿ ಅಲ್ಲಿಗೆ ಬಂದು ಸೇರುತ್ತಾನೆ. ಉಳಿದವರು ಅಭ್ಯಾಸ ಮುಗಿಸಿ ಹೋದ ಮೇಲೂ ಇವರಿಬ್ಬರು ಮೈದಾನದಲ್ಲೇ ಉಳಿದು ಕೂಡಿಸಿಕೊಂಡ ಲೆಕ್ಕ ಅದು. ನನಗೆ ಈ ಆಟ ಹಿಡಿಸಿದ್ದೇ ಆ ಒಂದು ಕ್ಷಣದಿಂದ.

ಏಳು ಸೆಕೆಂಡ್ ಇರುವಾಗ ಕೋಲ್ಟ್ಸ್‌ನ ಸ್ಟೀವ್ ಮೈರಾ ಚೆಂಡು ಒದ್ದು ಅಂಕ ಸಮ ಮಾಡಿದ. ಹೆಚ್ಚುವರಿ ಆಟದಲ್ಲಿ ಯುನೈಟಸ್ ತಂಡವನ್ನು 80 ಗಜ ನಡೆಸಿಕೊಂಡು ಹೋದ.

ದಾಖಲೆಗಳೂ ಇವೆ. ಸತತ 47 ಪಂದ್ಯಗಳಲ್ಲಿ ಟಚ್‌ಡೌನ್ ಎಸೆತ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವ ಎಸೆತ; ಅದನ್ನು ಮುರಿಯಲು 2012ರವರೆಗೆ ಯಾರಿಂದಲೂ ಆಗಲಿಲ್ಲ. ಆದರೂ ಹೊಸಬರಿಗೆ ನಾನು ತೋರಿಸುವುದು ಅಂದಿನ ಕೊನೆಯ ಆಟವನ್ನೇ. ಯುನೈಟಸ್ ಕೈಯಿಂದ ಚೆಂಡು ಪಡೆದು ಅಲನ್ ಅಮೀಚಿ ಕೊನೆಯ ಗಜ ನುಗ್ಗುತ್ತಾನೆ, 23–17. ಎಲ್ಲರ ಕಣ್ಣು ಅಮೀಚಿಯ ಮೇಲೆ. ನೀವು 19ನೇ ನಂಬರಿನ ಅಂಗಿಯ ಮೇಲೆ ಕಣ್ಣಿಡಿ. ಕುಣಿತವಿಲ್ಲ, ಕೂಗಾಟವಿಲ್ಲ. ಗೂನು ಭುಜ, ಕಣಕಾಲು ಮುಚ್ಚುವ ಕಪ್ಪು ಬೂಟು. ಆತ ತಿರುಗಿ ಮೈದಾನದಿಂದ ಹೊರಗೆ ನಡೆಯುತ್ತಾನೆ.