ಒಂದು ಅರ್ಜಿ ನಮೂನೆಯ ವಿಮರ್ಶೆ

ವಿಮರ್ಶೆ ಎಂದರೆ ಕತೆ, ಕಾದಂಬರಿಗಳದೇ ಆಗಬೇಕೆ? ನಾನು ಈಚೆಗೆ ಅತಿ ಹೆಚ್ಚು ಸಲ ಓದಿದ್ದು ಧನಸಹಾಯದ ಒಂದು ಅರ್ಜಿ ನಮೂನೆಯನ್ನು.

ಉಡುತಡಿಯ ಹೆಂಗಸರ ಸೋಬಾನೆ ಪದ, ಬೀಸುವ ಪದಗಳನ್ನು ಮುದ್ರಿಸಿಕೊಂಡು ಪುಸ್ತಕ ಮಾಡೋಣವೆಂದು ನಾವು ನಾಲ್ವರು ಗೆಳತಿಯರು ಹೊರಟಿದ್ದೆವು. ಅಕ್ಕಮಹಾದೇವಿಯ ಊರು. ಅಕ್ಕನ ಎತ್ತರದ ಪ್ರತಿಮೆ ಈಗ ಅಲ್ಲಿದೆ. ಹಾಡುವ ಅಜ್ಜಿಯರು ಮಾತ್ರ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ನಮೂನೆಯಲ್ಲಿ ನೋಂದಣಿ ಸಂಖ್ಯೆಗೆ, ಮೂರು ವರ್ಷದ ಆಡಿಟ್ ವರದಿಗೆ, ಪತ್ರಿಕೆಯ ತುಣುಕುಗಳಿಗೆ ಧಾರಾಳ ಜಾಗವಿದೆ. ಪೆಂಡಾಲು, ಬ್ಯಾನರು, ಹಾರ ಶಾಲುಗಳಿಗೂ ಕಾಲಂ ಇದೆ. ಏನು ಹಾಡುತ್ತಾರೆ ಎಂಬುದಕ್ಕೆ ಒಂದೇ ಗೆರೆ! ಹಾಡಲು ಕೂತ ದಿನ ಅಜ್ಜಿಗೆ ತಪ್ಪುವ ಕೂಲಿಯನ್ನು ಎಲ್ಲಿ ಬರೆಯುವುದು? ಬಹಳ ಹುಡುಕಿ 'ಇತರೆ'ಯಲ್ಲಿ ಬರೆದೆವು. ಸಹಿ ಮಾಡಿದ ರಶೀದಿ ಬೇಕಂತೆ ಎಂದಾಗ ಅಜ್ಜಿ, 'ಪದ ಹೇಳಿದ್ದಕ್ಕೂ ಚೀಟಿ ಯಾಕವ್ವಾ?' ಎಂದರು. ಜನರ ದುಡ್ಡಿಗೆ ಲೆಕ್ಕ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಮಹಿಳಾ ಸಮಾಜದ ಖಜಾಂಚಿಯಾಗಿ ಹನ್ನೊಂದು ರೂಪಾಯಿಗಾಗಿ ಜಗಳವಾಡಿದವಳು ನಾನು. ಆದರೆ ಈ ನಮೂನೆ ಕಾರ್ಯಕ್ರಮ ಮಾಡುವವರನ್ನು ಬಲ್ಲದು, ಹಾಡುವವರನ್ನು ಅರಿಯದು.

ನಮ್ಮ ಬರಹವೇನು ಕಡಿಮೆಯೇ! 'ನಶಿಸುತ್ತಿರುವ ಕಲೆ', 'ಮಹಿಳಾ ಸಬಲೀಕರಣ' ಎಂದೆಲ್ಲ ತುಂಬಿದೆವು. ಅಜ್ಜಿಗೆ ಓದಿ ಹೇಳಿದ್ದರೆ ಯಾರ ಸುದ್ದಿಯೆಂದು ಕೇಳುತ್ತಿದ್ದರು.

ಹತ್ತಿರದ ಬಳ್ಳಿಗಾವಿಯಲ್ಲಿ, ಬಿಜ್ಜಳನ ಕಾಲದ 1162ರ ಶಾಸನವೊಂದು ಕೋಡಿಯಮಠವನ್ನು ಬಣ್ಣಿಸುತ್ತದೆ. ವ್ಯಾಕರಣ, ಕಾವ್ಯ, ನಾಟಕಗಳ ಓದಿನ ಜೊತೆಗೆ ದೀನರು, ಕುಂಟರು, ಕುರುಡರು, ಕತೆ ಹೇಳುವವರು, ಹಾಡುವವರು, ವಾದ್ಯದವರು, ಕುಣಿಯುವವರು ಎಲ್ಲರಿಗೂ ಅಲ್ಲಿ ಅನ್ನವಿತ್ತು ಎನ್ನುತ್ತದೆ. ಶಾಸನಕ್ಕೂ ಹೊಗಳುವ ಚಟ ಇದ್ದದ್ದೇ. ಆದರೂ ಅದನ್ನು ಬರೆಸಿದವರಿಗೆ ಕಲೆಯೆಂದರೆ ಹಸಿವುಳ್ಳ ಮನುಷ್ಯರು ಎಂಬುದು ತಿಳಿದಿತ್ತು.

ಈಗಲೂ ಬೇರೆ ದಾರಿಗಳಿಲ್ಲವೆಂದಲ್ಲ. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಒಬ್ಬೊಬ್ಬ ವ್ಯಕ್ತಿಗೂ ನೆರವು ಕೊಡುತ್ತದೆ. ಕೋರಿಕೆಯನ್ನು ಕನ್ನಡದಲ್ಲೇ ಬರೆಯಬಹುದು. ಇದು ನಮಗೆ ತಡವಾಗಿ ತಿಳಿಯಿತು.

ಸಂಘಕ್ಕೆ ಮೂರು ವರ್ಷ ತುಂಬಿಲ್ಲವೆಂದು ನಮ್ಮ ಅರ್ಜಿ ಹಿಂದಿರುಗಿತು. ಕೈಯಿಂದಲೇ ದುಡ್ಡು ಹಾಕಿ, ಶಿರಾಳಕೊಪ್ಪದಿಂದ ಆಟೋ ಮಾಡಿಕೊಂಡು ಹೋಗಿ, ಮೊಬೈಲಿನಲ್ಲೇ ಹದಿನಾಲ್ಕು ಪದ ತುಂಬಿಕೊಂಡೆವು. ಚೀಟಿ ಯಾಕೆಂದು ಕೇಳಿದ ಅಜ್ಜಿಯವು ಅದರಲ್ಲಿ ಎರಡೇ. ಉಳಿದವನ್ನು ಸುಗ್ಗಿ ಮುಗಿದ ಮೇಲೆ ಹೇಳುತ್ತೇನೆಂದಿದ್ದರು. ಸುಗ್ಗಿಗೆ ಮೊದಲೇ ತೀರಿಕೊಂಡರು.

ಹೊಸ ಕೋರಿಕೆ ಬರೆಯುತ್ತಿದ್ದೇನೆ. ಈ ಸಲ ಮೊದಲ ಪುಟದಲ್ಲೇ ಹಾಡುವವರ ಹೆಸರು, ಅವರಿಗೆ ಬರುವ ಪದ, ಅವರ ದಿನದ ಕೂಲಿ.